ಗಾಲಿ ಕಟ್ಟುವ ಕೈ

ಅರಸನು ಸತ್ತರೆ ಶಾಸನ, ವೀರನು ಸತ್ತರೆ ವೀರಗಲ್ಲು, ಕವಿ ಸತ್ತರೆ ಚರಮಗೀತೆ. ಬಡಿಗನು ಸತ್ತರೆ ಏನು? ಈ ಪ್ರಶ್ನೆಗೆ ನಮ್ಮ ಸಾಹಿತ್ಯದಲ್ಲಿ ಸಿದ್ಧವಾದ ಉತ್ತರವಿಲ್ಲ. ಸೋಮನಾಥಪುರದ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮ ತನ್ನ ಹೆಸರನ್ನು ತಾನೇ ಕಲ್ಲಿನಲ್ಲಿ ಕೊರೆದಿಟ್ಟು ಹೋದ. ಮರದಲ್ಲಿ ದುಡಿದವರಿಗೆ ಆ ಭಾಗ್ಯವೂ ಇಲ್ಲ. ಮರ ಅಷ್ಟು ಕಾಲ ಬಾಳುವುದಿಲ್ಲ.

ಸವಣೂರು, ಹಾವೇರಿಗಳ ನಡುವಣ ರೈಲು ನಿಲ್ದಾಣವಾದ ಕರ್ಜಗಿಯನ್ನು ಕೇಳುಗರಲ್ಲಿ ಹಲವರು ಬಲ್ಲರು. ಬ್ರಿಟಿಷರ ಕಾಲದಲ್ಲಿ ಒಂದು ತಾಲ್ಲೂಕಿಗೇ ಆ ಊರಿನ ಹೆಸರಿತ್ತು. ಕಾರಹುಣ್ಣಿಮೆಯಲ್ಲಿ ಅಲ್ಲಿ ಎತ್ತು ಹೂಡಿ ಬಂಡಿ ಓಡಿಸುವುದನ್ನು ನೋಡಲು ಸುತ್ತಣ ಸೀಮೆಯ ಜನ ನೆರೆಯುತ್ತಾರೆ. ಆ ಕಡೆಯ ಹಿರಿಯ ಬಡಿಗರೊಬ್ಬರು ಈಚೆಗೆ ತೀರಿಕೊಂಡರು. ಮನೆಯವರ ಇಚ್ಛೆಯಂತೆ ಹೆಸರು ಹೇಳುವುದಿಲ್ಲ. ಮಣ್ಣಿಗೆ ಬಂದವರಲ್ಲಿ ಒಕ್ಕಲಿಗರಿದ್ದುದು ಸಹಜ. ಆದರೆ ಹುಬ್ಬಳ್ಳಿಯ ಕಡೆಯಿಂದ ಹಳೆಯ ಮೋಟಾರುಗಳ ಹವ್ಯಾಸಿಗಳಿಬ್ಬರು ಬಂದು ಅಂಗಳದ ಮೂಲೆಯಲ್ಲಿ ತಲೆತಗ್ಗಿಸಿ ನಿಂತಿದ್ದರು. ಅವರಿಗೂ ಬಂಡಿಯ ಬಡಿಗನಿಗೂ ಏನು ನಂಟು ಎಂದು ಊರವರು ಪಿಸುಗುಟ್ಟಿಕೊಂಡರು. ಆ ನಂಟು ಗಾಲಿಯದು.

ಗಾಲಿ ಸರಳವಾದ ವಸ್ತುವೆಂದು ನಾವು ತಿಳಿದಿದ್ದೇವೆ. ನಡುವೆ ಗುಂಬ, ಅದರಿಂದ ಹೊರಟ ಅರೆಗಳು, ಸುತ್ತ ಬಾಗುಮರದ ತುಂಡುಗಳು, ಅವುಗಳ ಮೇಲೆ ಕಬ್ಬಿಣದ ಪಟ್ಟಿ. ಇಷ್ಟನ್ನೂ ಹಿಡಿದು ನಿಲ್ಲಿಸುವುದು ಮೊಳೆಯಲ್ಲ, ಬಿಗಿ. ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸಿದಾಗ ಕಬ್ಬಿಣ ಹಿಗ್ಗುತ್ತದೆ. 5 ಅಡಿ ಅಡ್ಡಳತೆಯ ಗಾಲಿಯ ಪಟ್ಟಿ 500 ಡಿಗ್ರಿಯಷ್ಟು ಕಾದರೆ ಸುತ್ತಳತೆಯಲ್ಲಿ ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಆ ಒಂದು ಅಂಗುಲದೊಳಗೇ ಬಡಿಗನ ವಿದ್ಯೆಯೆಲ್ಲ ಅಡಗಿದೆ. ಪಟ್ಟಿ ಹೆಚ್ಚು ಕಿರಿದಾದರೆ ತಣಿದಾಗ ಅರೆ ಬಾಗುತ್ತದೆ, ಹಿರಿದಾದರೆ ಬೇಸಗೆಯಲ್ಲಿ ಮರ ಒಣಗಿ ಪಟ್ಟಿ ಕಳಚಿ ಬೀಳುತ್ತದೆ. ಯಾವ ಮರ ಎಷ್ಟು ಒಣಗಿದೆ, ಇನ್ನೆಷ್ಟು ಕುಗ್ಗೀತು ಎಂಬುದನ್ನು ಈ ಬಡಿಗರು ಉಗುರಿನಿಂದ ತಟ್ಟಿ, ನಾದ ಕೇಳಿ ಹೇಳುತ್ತಿದ್ದರು. ಬರೆದಿಡಿ ಎಂದು ನಾನೊಮ್ಮೆ ಕೇಳಿದ್ದೆ. "ನಾದ ಹ್ಯಾಂಗ ಬರೀಲಿ, ಮಾಸ್ತರ?" ಎಂದರು. ವ್ಯಾಕರಣ ಕಲಿಸಿದವನಲ್ಲಿ ಅದಕ್ಕೆ ಮರುಮಾತಿರಲಿಲ್ಲ.

ಇನ್ನು ಮೋಟಾರಿನ ಮಾತು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರು ಬಹುಕಾಲ ಓಡಿದ್ದು ಮರದ ಅರೆಗಳ ಗಾಲಿಯ ಮೇಲೆಯೇ. ಆ ಕಾಲದ ಅನೇಕ ಕಾರುಗಳ ಒಡಲಿನ ತಗಡಿನ ಒಳಗೂ ಮರದ ಚೌಕಟ್ಟಿತ್ತು. ಎಂದರೆ ಮೋಟಾರು ಹುಟ್ಟಿದ್ದು ಬಂಡಿಯ ಮನೆಯಲ್ಲಿ. ಆದರೆ ಎರಡು ಗಾಲಿಗಳೂ ಒಂದೇ ಬಗೆಯವಲ್ಲ. ಬಂಡಿಯ ಅರೆ ಮರದ ಗುಂಬದೊಳಗೆ ಹೊಗುತ್ತದೆ. ಕಾರಿನ ಅರೆಗಳ ಬುಡವನ್ನು ಬೆಣೆಯಂತೆ ಕೊಯ್ದು, ಒಂದರ ಕೆನ್ನೆಗೊಂದನ್ನು ಒತ್ತಿ, ಎರಡು ಲೋಹದ ಬಿಲ್ಲೆಗಳ ನಡುವೆ ಬೋಲ್ಟಿನಿಂದ ಬಿಗಿಯುತ್ತಾರೆ. ಕೂದಲೆಳೆಯಷ್ಟು ಸಂದಿ ಉಳಿದರೂ ಗಾಲಿ ಕಿರುಗುಟ್ಟುತ್ತದೆ. ಹವ್ಯಾಸಿಗಳು ಹುಳು ತಿಂದ ಅಂಥದೊಂದು ಗಾಲಿಯನ್ನು ತಂದು ಮುಂದಿಟ್ಟಾಗ ನಮ್ಮ ಬಡಿಗರು ಅದನ್ನು ಎರಡು ದಿನ ಸುಮ್ಮನೆ ನೋಡುತ್ತ ಕುಳಿತಿದ್ದರಂತೆ. ಮೂರನೆಯ ದಿನ ಉಳಿ ಹಿಡಿದರು. ಆಮೇಲೆ ಅವರ ಅಂಗಳಕ್ಕೆ ಹಳೆಯ ಗಾಲಿಗಳು ಬರುತ್ತಲೇ ಇದ್ದವು. ಟೈರಿನ ಗಾಡಿ, ಅದರ ಹಿಂದೆ ಟ್ರ್ಯಾಕ್ಟರು ಬಂದು ಬಂಡಿಯ ಕೆಲಸ ಕಡಿಮೆಯಾದ ಮೇಲೆ ಅವರ ಒಲೆ ಉರಿದದ್ದು ಬಹುಮಟ್ಟಿಗೆ ಈ ಗಾಲಿಗಳಿಂದಲೇ.

ಹಳೆಯ ಕಾರುಗಳಿಗೆ ಈಗ ಮನ್ನಣೆಗೇನೂ ಕೊರತೆಯಿಲ್ಲ. ಧರ್ಮಸ್ಥಳದ ಸಂಗ್ರಹವನ್ನು ಕಾಣದ ಕನ್ನಡಿಗರು ಕಡಿಮೆ. 2021ರಲ್ಲಿ ಕೇಂದ್ರ ಸರಕಾರ 50 ವರ್ಷ ಮೀರಿದ ವಾಹನಗಳಿಗೆ 'ವಿಎ' ಅಕ್ಷರಗಳ ಬೇರೆ ನೋಂದಣಿಯನ್ನೇ ಏರ್ಪಡಿಸಿತು; ಮೂಲರೂಪ ಕೆಟ್ಟಿರಬಾರದೆಂಬುದು ಅದರ ಕಟ್ಟಳೆ. ಒಳ್ಳೆಯ ಕಟ್ಟಳೆಯೇ. ಆದರೆ ಮೂಲರೂಪವನ್ನು ಉಳಿಸುವವರು ಯಾರು? ಪ್ರದರ್ಶನದಲ್ಲಿ ಕಾರಿನ ಮುಂದೆ ನಿಲ್ಲಿಸುವ ಹಲಗೆಯ ಮೇಲೆ ಕಂಪನಿಯ ಹೆಸರಿರುತ್ತದೆ, ಇಸವಿಯಿರುತ್ತದೆ, ಒಡೆಯನ ಹೆಸರಂತೂ ದಪ್ಪಕ್ಷರದಲ್ಲಿರುತ್ತದೆ. ಅರೆ ಕೊಯ್ದವನ ಹೆಸರಿರುವ ಹಲಗೆಯನ್ನು ನಾನಿನ್ನೂ ಕಂಡಿಲ್ಲ.

ಕುಶಲಕರ್ಮಿಯ ಸಾವಿಗೆ ಮರುಗುವ ರೀತಿಯೇ ಬೇರೆ ಎನಿಸಿದ್ದು ಅಂದು. ಬಂದವರಾರೂ ಅವರ ಗುಣಗಾನ ಮಾಡಲಿಲ್ಲ. ಒಬ್ಬ ರೈತ ತನ್ನ ಬಂಡಿಯ ಇರಸನ್ನು ಅವರು ಯಾವ ವರ್ಷ ಬದಲಿಸಿದರೆಂದು ಹೇಳಿದ. ಇನ್ನೊಬ್ಬ ಅವರು ಕೂಲಿ ಬಿಟ್ಟುಕೊಟ್ಟ ಬರದ ವರ್ಷವನ್ನು ನೆನೆದ. ಹವ್ಯಾಸಿಗಳಲ್ಲಿ ಹಿರಿಯರು ತಮ್ಮ ಕಾರಿನ ಬಲಗಡೆಯ ಹಿಂದಿನ ಗಾಲಿಯ ಕುರಿತೇ ಮಾತನಾಡಿ, ನಡುವೆ ದನಿ ಕಟ್ಟಿ ನಿಲ್ಲಿಸಿದರು.

ಮಗ ದಾವಣಗೆರೆಯಲ್ಲಿ ಬೇರೆ ಉದ್ಯೋಗದಲ್ಲಿದ್ದಾನೆ. ಬಾಚಿ, ಉಳಿ, ಕೈಗರಗಸಗಳನ್ನು ತೊಳೆದು, ಕುಂಕುಮವಿಟ್ಟು ಒಂದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದಾನೆ. ಕೊಳ್ಳಲು ಬಂದವರಿಗೆ ಇನ್ನೂ ಕೊಟ್ಟಿಲ್ಲ. ಪಡಸಾಲೆಯ ಗೋಡೆಗೆ ಒಂದು ಕಾರಿನ ಗಾಲಿ ಒರಗಿದೆ. ಹನ್ನೆರಡು ಅರೆಗಳಲ್ಲಿ ಒಂಬತ್ತು ಕೂತಿವೆ. ಉಳಿದ ಮೂರಕ್ಕೆ ಸೀಳಿಟ್ಟ ಮರ ಅಟ್ಟದ ಮೇಲೆ ಒಣಗುತ್ತಿದೆ.