ಕಪ್ಪು ಕಿಟಕಿ ಇನ್ನೂ ಏಕೆ ತೆರೆದಿದೆ?

ವಿಂಡೋಸ್ 11ರಲ್ಲೂ ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂದು ಟೈಪಿಸಿದರೆ ಅದೇ ಕಪ್ಪು ಕಿಟಕಿ, ಅದೇ ಮಿನುಗುವ ಕರ್ಸರ್. ಹಳಬರ ಮುಲಾಜಿಗೆ ಉಳಿಸಿಕೊಂಡ, ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಪಳೆಯುಳಿಕೆ ಇದು ಎಂದು ನಂಬಿದವರು ಬಹಳ ಮಂದಿ. ಡಿರ್, ಕಾಪಿ, ಡೆಲ್ ಮುಂತಾದ ಆಜ್ಞೆಗಳು ಡಾಸ್‌ನವೇ, ನಿಜ. ಆದರೆ ಈ ಕಪ್ಪು ಕಿಟಕಿ, ಅಂದರೆ ಈಗಿನ ಕಮಾಂಡ್ ಪ್ರಾಂಪ್ಟ್, 1993ರ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಬೇರೆಯೇ ಪ್ರೋಗ್ರಾಂ. ಬರೀ ಮುಲಾಜಾಗಿದ್ದರೆ ಮೈಕ್ರೋಸಾಫ್ಟ್ 2006ರಲ್ಲಿ ಆಜ್ಞೆ ಟೈಪಿಸಲೆಂದೇ ಪವರ್‌ಶೆಲ್ ಎಂಬ ಇನ್ನೊಂದು ಪ್ರೋಗ್ರಾಂ ಅನ್ನು ಹೊಸದಾಗಿ ಕಟ್ಟುತ್ತಿರಲಿಲ್ಲ. ಇನ್ನೂ ಗಟ್ಟಿ ಸಾಕ್ಷಿ ಆಪಲ್‌ನದು. ಆಜ್ಞೆ ಟೈಪಿಸುವ ಕಿಟಕಿಯೇ ಬೇಡವೆಂದು 1984ರಲ್ಲಿ ಮ್ಯಾಕಿಂಟಾಷ್ ತಂದ ಕಂಪನಿ, 2001ರ ಮ್ಯಾಕ್ ಓಎಸ್ ಟೆನ್‌ನಲ್ಲಿ ‘ಟರ್ಮಿನಲ್’ ಎಂಬ ಹೆಸರಿನಲ್ಲಿ ಅದನ್ನೇ ಒಳಗೆ ಕರೆದುಕೊಂಡಿತು.

ಕಾರಣ ಸರಳ. ಮೌಸ್ ಹಿಡಿದು ಕೆಲಸ ಮಾಡುವುದು ದಿನಸಿ ಅಂಗಡಿಯ ಮುಂದೆ ನಿಂತು ‘ಅದು ಕೊಡಿ, ಇದು ಕೊಡಿ’ ಎಂದು ಬೆರಳು ತೋರಿಸಿದ ಹಾಗೆ. ಕಣ್ಣಿಗೆ ಕಂಡದ್ದನ್ನಷ್ಟೇ ಕೇಳಬಹುದು, ಕೇಳಲು ನಾವೇ ನಿಂತಿರಬೇಕು. ಆಜ್ಞೆ ಎಂದರೆ ಬರೆದುಕೊಟ್ಟ ಚೀಟಿ. ಯಾರ ಕೈಲಾದರೂ ಕಳಿಸಬಹುದು, ಮುಂದಿನ ತಿಂಗಳು ಅದನ್ನೇ ಮತ್ತೆ ಕೊಡಬಹುದು, ತಪ್ಪಿದ್ದರೆ ಓದಿ ತಿದ್ದಬಹುದು. ಒಂದು ಫೋಲ್ಡರಿನ ನೂರಾರು ಫೋಟೋಗಳ ಹೆಸರಿನ ಕೊನೆಯ ‘ಜೆಪಿಇಜಿ’ಯನ್ನು ‘ಜೆಪಿಜಿ’ ಮಾಡಬೇಕೆನ್ನಿ. ‘ರೆನ್’ ಆಜ್ಞೆಯಲ್ಲಿ ಹೆಸರಿನ ಜಾಗಕ್ಕೆ ನಕ್ಷತ್ರ ಚಿಹ್ನೆ ಇಟ್ಟರೆ ಒಂದೇ ಸಾಲಿನಲ್ಲಿ ಮುಗಿಯಿತು. ಚೀಟಿಗಳನ್ನು ಒಂದಕ್ಕೊಂದು ಪೋಣಿಸಲೂ ಬರುತ್ತದೆ. ಒಂದು ಪ್ರೋಗ್ರಾಂ ಕೊಟ್ಟ ಉತ್ತರವನ್ನು ನೇರ ಇನ್ನೊಂದಕ್ಕೆ ಉಣಿಸಬೇಕೆಂದು ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ವರ್ಷಗಟ್ಟಲೆ ಪಟ್ಟು ಹಿಡಿದಿದ್ದರು. 1973ರಲ್ಲಿ ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆಗೆ ಸೇರಿಸಿದರು. ಅದೇ ‘ಪೈಪ್’. ಹತ್ತು ವರ್ಷದ ಮೇಲೆ ಅದು ಡಾಸ್‌ಗೂ ಬಂತು. ಚಾಲ್ತಿಯಲ್ಲಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದು, ಅದರೊಳಗಿಂದ ಬೇಕಾದ ಹೆಸರನ್ನಷ್ಟೇ ಹೆಕ್ಕಲು ಇಂದಿಗೂ ಎರಡು ಆಜ್ಞೆಗಳ ನಡುವೆ ಒಂದು ನಿಂತ ಗೆರೆ ಸಾಕು.

ಇಷ್ಟೆಲ್ಲ ಬಾಯಿಪಾಠ ಮಾಡುವವರು ಯಾರು ಎನ್ನಬಹುದು. ಯಾರೂ ಮಾಡಬೇಕಿಲ್ಲ. ಆಜ್ಞೆಯ ಕೊನೆಗೆ ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಬಹುತೇಕ ಆಜ್ಞೆಗಳು ತಮ್ಮ ಬಳಕೆಯನ್ನು ತಾವೇ ಹೇಳುತ್ತವೆ; ಮೇಲ್ಮುಖ ಬಾಣದ ಕೀಲಿ ಒತ್ತಿದರೆ ಹಿಂದೆ ಟೈಪಿಸಿದ್ದು ಮರಳಿ ಬರುತ್ತದೆ. ಅಪಾಯವಿದೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ‘ಡೆಲ್’ ಅಳಿಸಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ. ‘ನೀವು ರೋಬೋ ಅಲ್ಲವೆಂದು ತೋರಿಸಿ’ ಎನ್ನುತ್ತ ವಿಂಡೋಸ್ ಕೀ ಮತ್ತು ‘ಆರ್’ ಒತ್ತಿಸಿ, ಗೊತ್ತಿಲ್ಲದ ಆಜ್ಞೆಯೊಂದನ್ನು ಪೇಸ್ಟ್ ಮಾಡಿಸುವ ವಂಚಕರೂ ಇದ್ದಾರೆ. ಆದರೆ ಈ ಬಲೆಗೆ ಬೀಳುವುದು ಆಜ್ಞೆ ಓದಲು ಬಾರದವರೇ ಹೊರತು ಬಲ್ಲವರಲ್ಲ.

ಎಐ ಬಂತು, ಇನ್ನು ಇದೆಲ್ಲ ಏಕೆ ಎಂಬ ಅಬ್ಬರಕ್ಕೂ ಉತ್ತರ ಇಲ್ಲೇ ಇದೆ. ಕಂಪ್ಯೂಟರಿನಲ್ಲಿ ನಮ್ಮ ಪರವಾಗಿ ಕೆಲಸ ಮಾಡಲು ಹೊರಟ ಎಐ ಸಹಾಯಕಗಳು ಅನೇಕ ಸಲ ಬರೆಯುವುದೂ ಇಂಥ ಆಜ್ಞೆಗಳನ್ನೇ. ‘ಇದನ್ನು ಓಡಿಸಲೇ?’ ಎಂದು ಅವು ಕೇಳಿದಾಗ ಹೂಂ ಅನ್ನುವವರಿಗೆ ಆ ಸಾಲು ಏನು ಮಾಡಲಿದೆ ಎಂಬುದು ಗೊತ್ತಿರಬೇಕು. ಎಲ್ಲ ಆಜ್ಞೆಗಳನ್ನೂ ಬರೆಯಲು ಕಲಿಯದಿದ್ದರೆ ನಷ್ಟವಿಲ್ಲ; ಓದುವಷ್ಟಾದರೂ ಕಲಿಯುವುದು ಮನೆಯ ಕಂಪ್ಯೂಟರಿನ ಯಜಮಾನಿಕೆ ನಮ್ಮಲ್ಲೇ ಉಳಿಯಲು ಬೇಕು.