ಖಾರದ ಸವಿ

ನಾಲಿಗೆ ಉರಿಯುತ್ತದೆ, ಕಣ್ಣಿನಲ್ಲಿ ನೀರು ಬರುತ್ತದೆ, ಮೂಗು ಸೋರುತ್ತದೆ, ನೆತ್ತಿ ಬೆವರುತ್ತದೆ. ಆದರೂ ಎಲೆಯ ಮುಂದೆ ಕುಳಿತವನು 'ಇನ್ನೊಂದಿಷ್ಟು ಬಡಿಸಿ' ಎನ್ನುತ್ತಾನೆ. ಇದೇ ಲಕ್ಷಣಗಳು ಊಟದ ಹೊತ್ತಿನಲ್ಲಲ್ಲದೆ ಬೇರಾವಾಗಲಾದರೂ ಕಾಣಿಸಿಕೊಂಡಿದ್ದರೆ ಮನೆಯವರು ವೈದ್ಯರಿಗೆ ಹೇಳಿಕಳುಹಿಸುತ್ತಿದ್ದರು. ನೋವೆಂದು ಯಾರೂ ಒಪ್ಪತಕ್ಕ ಒಂದು ಅನುಭವವನ್ನು ಮನುಷ್ಯನು ಕಾಸು ಕೊಟ್ಟು ಕೊಂಡು, ಅರೆದು, ಒಗ್ಗರಣೆಯಿಟ್ಟು ಸವಿಯುವುದೇಕೆ? ಇಂದು ನಾನು ಕೇಳುಗರೊಡನೆ ವಿಚಾರಮಾಡಬೇಕೆಂದಿರುವುದು ಇದನ್ನೇ.

ಇದಕ್ಕಾಗಿ ನಾವು ಬಹು ದೂರ ಪ್ರಯಾಣ ಮಾಡಬೇಕಾಗಿಲ್ಲ. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯ ಮೇಲೆ ಬೆಟ್ಟಗಳ ಕಡೆಗೆ ಹೋದರೆ ಒಡೆಯರಪಾಳ್ಯವೆಂಬ ಊರು ಸಿಕ್ಕುತ್ತದೆ. ಈಗ ಅದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದುದು. 1956ರವರೆಗೆ ಕೊಳ್ಳೇಗಾಲದ ಸೀಮೆಯೆಲ್ಲ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1970ರ ದಶಕದಲ್ಲಿ ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ಇಲ್ಲಿ ನೆಲ ದೊರೆತು ಧೋಂಡೆನ್‌ಲಿಂಗ್ ಎಂಬ ವಸತಿ ಏರ್ಪಟ್ಟಿತು. ಹಿಮದ ನಾಡಿನ ಜನ ಮುಸುಕಿನ ಜೋಳದ ಹೊಲಗಳ ನಡುವೆ ಮನೆ ಕಟ್ಟಿಕೊಂಡರು. ಒಂದೇ ಸಂತೆ, ಒಂದೇ ಮಳೆ, ಒಂದೇ ರಸ್ತೆ; ಆದರೆ ಅಡಿಗೆ ಎರಡು ಬಗೆ. ಈ ಎರಡು ಅಡಿಗೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆಯೇ.

ಆ ಸೀಮೆಯ ಕನ್ನಡಿಗರ ನಿತ್ಯದ ಊಟ ರಾಗಿಮುದ್ದೆ, ಉಪ್ಪುಸಾರು. ಉಪ್ಪುಸಾರೆಂದರೆ ಸೊಪ್ಪನ್ನೋ ಕಾಳನ್ನೋ ಬೇಯಿಸಿ ಬಸಿದ ನೀರು. ಅದರಲ್ಲಿ ಉಪ್ಪಲ್ಲದೆ ಹೆಚ್ಚಿನದೇನೂ ಇಲ್ಲ. ಅದರ ಜೀವವಿರುವುದು ಜೊತೆಗೆ ಬೇರೆಯಾಗಿ ಅರೆದಿಟ್ಟ ಖಾರದಲ್ಲಿ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆಹಣ್ಣು, ಉಪ್ಪು. ಉಣ್ಣುವವನು ತಟ್ಟೆಯ ಅಂಚಿನಲ್ಲಿ ಒಂದು ಉಂಡೆಯಿಟ್ಟುಕೊಂಡು ತನಗೆ ಬೇಕಾದಷ್ಟನ್ನು ಸಾರಿನಲ್ಲಿ ಕದಡಿಕೊಳ್ಳುತ್ತಾನೆ. ಇನ್ನು ಟಿಬೆಟ್ಟಿನವರ ಅಡಿಗೆಯನ್ನು ನೋಡಿ. ಅವರ ಮೊಮೊ ಎಂಬ ಆವಿಯ ಕಡುಬಾಗಲಿ, ತುಕ್ಪಾ ಎಂಬ ಶಾವಿಗೆಯ ಸಾರಾಗಲಿ ತಾನಾಗಿ ಸೌಮ್ಯವಾದುದೇ. ಉರಿಯೆಲ್ಲ ಪಕ್ಕದ ಬಟ್ಟಲಿನಲ್ಲಿದೆ. ಮೆಣಸಿನಕಾಯಿಯನ್ನು ಬೆಳ್ಳುಳ್ಳಿಯೊಡನೆ ಅರೆದ ಆ ಗೊಜ್ಜಿಗೆ ಅವರು ಸೆಪೆನ್ ಎನ್ನುತ್ತಾರೆ. ಪರಸ್ಪರ ಸಂಬಂಧವಿಲ್ಲದ ಎರಡು ನಾಡಿನವರು ಒಂದೇ ಉಪಾಯವನ್ನು ಕಂಡುಕೊಂಡಿದ್ದಾರೆ: ಊಟ ಸಪ್ಪೆಯಾಗಿರಲಿ, ಖಾರ ಬೇರೆಯಾಗಿರಲಿ, ಅಳತೆ ಉಣ್ಣುವವನ ಕೈಯಲ್ಲಿರಲಿ. ಈ ಕಡೆಯ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಅದರಿಂದ ಪ್ರಯೋಜನವುಂಟು.

ಈ ಕಾಯಿ ಇಬ್ಬರಿಗೂ ಪರದೇಶದ್ದೇ. ಮೆಣಸಿನ ಗಿಡದ ತವರು ಅಮೆರಿಕಾ ಖಂಡ. ಕೊಲಂಬಸನು 1492ರಲ್ಲಿ ಹೊರಟದ್ದು ಕರಿಮೆಣಸಿನ ನಾಡನ್ನು ಹುಡುಕಿಕೊಂಡು. ಸಿಕ್ಕಿದ್ದು ಈ ಕೆಂಪು ಕಾಯಿ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅದು ಅವರ ಹಡಗುಗಳಲ್ಲಿ ನಮ್ಮ ತೀರಕ್ಕೆ ಬಂದಿತು. ನಮ್ಮವರು ಅದಕ್ಕೆ ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಮೆಣಸಿನಂತೆ ಉರಿಯುವ ಕಾಯಿ ಮೆಣಸಿನಕಾಯಿಯಾಯಿತು. ಕೊಡಗಿನಲ್ಲಿ ಮಾತ್ರ ಸೂಜಿಮೆಣಸಿಗೆ 'ಪರಂಗಿ ಮಳು' ಎಂಬ ಹೆಸರು ಉಳಿದು, ಬಂದ ದಾರಿಯನ್ನು ಇಂದಿಗೂ ಸಾರುತ್ತಿದೆ. ಪುರಂದರದಾಸರ ಅಂಕಿತದಲ್ಲಿ ಮೆಣಸಿನಕಾಯಿಯನ್ನೇ ಕುರಿತ ಪದವೊಂದು ಪ್ರಚಾರದಲ್ಲಿದೆ. ಹೊರಗಿನಿಂದ ಬಂದ ಬೆಳೆಯೊಂದು ದಾಸರ ಪದವನ್ನೂ, ದೃಷ್ಟಿ ನಿವಾಳಿಸುವ ಮುಷ್ಟಿಯನ್ನೂ ಹೊಕ್ಕಿತೆಂದರೆ ಅದನ್ನು ಪರಕೀಯವೆನ್ನುವುದು ಕಷ್ಟ.

ಕರಿಮೆಣಸನ್ನು ಅದು ಹಿಂದಕ್ಕೆ ತಳ್ಳಿದ್ದು ರುಚಿಯಿಂದ ಮಾತ್ರವಲ್ಲ. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ಕೊಳ್ಳುವವನಿಗೆ ಹಣ ಬೇಕು. ಮೆಣಸಿನ ಗಿಡಕ್ಕೋ ಹಿತ್ತಿಲಿನ ಒಂದು ಮೂಲೆ ಸಾಕು. ಬಡವನ ಮುದ್ದೆಯ ಪಕ್ಕದಲ್ಲಿ ತೊವ್ವೆಯಿಲ್ಲದಿದ್ದಾಗ, ತುಪ್ಪವಿಲ್ಲದಿದ್ದಾಗ, ಒಂದು ಹಸಿಮೆಣಸಿನಕಾಯಿಯೂ ನಾಲ್ಕು ಹರಳು ಉಪ್ಪೂ ಅವುಗಳ ಸ್ಥಾನದಲ್ಲಿ ನಿಂತು ಊಟವನ್ನು ಗಂಟಲಿನಿಂದ ಇಳಿಸಿದುವು. ಖಾರದ ಸುಖವನ್ನು ವರ್ಣಿಸುವ ನಾವು, ತುಪ್ಪದ ಮಿಳ್ಳೆಯನ್ನು ಪಕ್ಕದಲ್ಲಿಟ್ಟುಕೊಂಡು ವರ್ಣಿಸುತ್ತಿದ್ದೇವೆಂಬುದನ್ನು ಮರೆಯಬಾರದು.

ಈಗ ಉರಿಯ ವಿಚಾರ. ನಮ್ಮ ಆಯುರ್ವೇದವು ಕಟುವನ್ನು ಷಡ್ರಸಗಳಲ್ಲಿ ಒಂದೆಂದು ಎಣಿಸಿತು. ಇಂದಿನ ಶರೀರಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಸಿಹಿ, ಹುಳಿ, ಉಪ್ಪು, ಕಹಿಗಳನ್ನು ಅರಿಯಲು ನಾಲಿಗೆಯಲ್ಲಿ ರುಚಿಯ ಮೊಗ್ಗುಗಳಿವೆ. ಖಾರವು ಅವುಗಳನ್ನು ಮುಟ್ಟುವುದೇ ಇಲ್ಲ. ಮೆಣಸಿನಕಾಯಿ ಹೆಚ್ಚಿದ ಕೈಯಿಂದ ಕಣ್ಣುಜ್ಜಿಕೊಂಡವರಿಗೆ ಇದಕ್ಕೆ ಬೇರೆ ಸಾಕ್ಷ್ಯ ಬೇಡ, ಕಣ್ಣಿಗೆ ರುಚಿಯೆಲ್ಲಿಯದು? ಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ದ್ರವ್ಯವು ನೋವನ್ನೂ ಬಿಸಿಯನ್ನೂ ಒಯ್ಯುವ ನರಗಳ ತುದಿಯನ್ನು ಹಿಡಿಯುತ್ತದೆ. ಆ ತುದಿಯಲ್ಲಿ ಒಂದು ಸಣ್ಣ ಬಾಗಿಲುಂಟು. ಅದು ಸುಮಾರು 43 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಬಿಸಿ ತಗುಲಿದಾಗ ತೆರೆದುಕೊಂಡು, 'ಸುಡುತ್ತಿದೆ' ಎಂಬ ಸುದ್ದಿಯನ್ನು ಮೆದುಳಿಗೆ ಕಳುಹಿಸತಕ್ಕದ್ದು. ಕ್ಯಾಪ್ಸೈಸಿನ್ ಅದೇ ಬಾಗಿಲಿಗೆ ಕಳ್ಳಬೀಗದ ಕೈ. ಅಮೆರಿಕಾದ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ 1997ರಲ್ಲಿ ಈ ಬಾಗಿಲನ್ನು ಗುರುತಿಸಿದರು. 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಆತನಿಗೆ ಪಾಲು ದೊರೆಯಿತು. ಬೆಂಕಿಯದಕ್ಕೂ ಮೆಣಸಿನಕಾಯಿಯದಕ್ಕೂ 'ಉರಿ' ಎಂಬ ಒಂದೇ ಮಾತನ್ನು ನಾವು ಬಳಸುತ್ತ ಬಂದಿದ್ದೇವಷ್ಟೆ. ಅದು ಅಲಂಕಾರವಲ್ಲ, ವಾಸ್ತವವೇ ಎಂದು ಪ್ರಯೋಗಶಾಲೆಯಲ್ಲಿ ಸ್ಥಾಪಿತವಾದಂತಾಯಿತು.

ಗಿಡವು ಈ ವಿದ್ಯೆಯನ್ನು ನಮ್ಮ ಸಂತೋಷಕ್ಕಾಗಿ ಕಲಿತುದಲ್ಲ. ಇಲಿ ಮೊದಲಾದ ಸಸ್ತನಿಗಳು ಕಾಯಿಯನ್ನು ತಿಂದರೆ ಬೀಜವನ್ನೂ ಅಗಿದು ಹಾಳುಮಾಡುತ್ತವೆ. ಹಕ್ಕಿಗಳು ಬೀಜವನ್ನು ಇಡಿಯಾಗಿ ನುಂಗಿ ದೂರದಲ್ಲಿ ಉದುರಿಸುತ್ತವೆ. ಹಕ್ಕಿಗಳ ನರದ ಬಾಗಿಲು ಕ್ಯಾಪ್ಸೈಸಿನ್ನಿಗೆ ತೆರೆಯದು. ಗಿಣಿ ಹಣ್ಣುಮೆಣಸಿನಕಾಯಿಯನ್ನು ನಿಶ್ಚಿಂತೆಯಿಂದ ತಿನ್ನುವುದನ್ನು ಎಲ್ಲರೂ ಬಲ್ಲರು. ಅದರ ಧೈರ್ಯಕ್ಕೆ ಕಾರಣ ಇಷ್ಟೆ. ಬೊಲಿವಿಯಾದ ಕಾಡು ಮೆಣಸಿನ ಗಿಡಗಳನ್ನು ಪರೀಕ್ಷಿಸಿದವರು, ಖಾರವು ಬೀಜವನ್ನು ಬೂಷ್ಟಿನಿಂದಲೂ ಕಾಪಾಡುತ್ತದೆಂದು 2008ರಲ್ಲಿ ತೋರಿಸಿದರು. ಒಟ್ಟಿನಲ್ಲಿ ಖಾರವೆಂಬುದು ನಮ್ಮಂಥ ಪ್ರಾಣಿಗಳಿಗೆ ಗಿಡವು ಹಾಕಿದ ಬೇಲಿ. ಬೇಲಿಯನ್ನೇ ಮೇಯಲು ನಿಂತ ಪ್ರಾಣಿ ಮನುಷ್ಯ.

ಏಕೆ ಹೀಗಾಯಿತೆಂಬುದಕ್ಕೆ ಹಲವು ಸಮಾಧಾನಗಳುಂಟು. ಉಷ್ಣದೇಶಗಳಲ್ಲಿ ಅಡಿಗೆ ಬೇಗ ಕೆಡುತ್ತದೆ, ಸಂಬಾರಗಳು ಕ್ರಿಮಿಗಳನ್ನು ಕೊಲ್ಲುತ್ತವೆ, ಆದುದರಿಂದ ಅಲ್ಲಿಯ ಜನ ಖಾರವನ್ನು ಮೆಚ್ಚಿದರು ಎಂದು 1998ರಲ್ಲಿ ಅಮೆರಿಕಾದ ಇಬ್ಬರು ವಿದ್ವಾಂಸರು ವಾದಿಸಿದರು. ಈ ವಾದ ಬಹುಕಾಲ ಮನ್ನಣೆ ಪಡೆದಿತ್ತು. 2021ರಲ್ಲಿ ಅನೇಕ ದೇಶಗಳ ಅಡಿಗೆಗಳನ್ನು ಹೋಲಿಸಿ ನೋಡಿದವರು, ಹವೆಯಿಂದಾಗಲಿ ಆಹಾರದ ಮೂಲಕ ಬರುವ ರೋಗಗಳಿಂದಾಗಲಿ ಈ ವ್ಯತ್ಯಾಸವನ್ನು ವಿವರಿಸಲಾಗದೆಂದರು. ಬೆವರಿ ಮೈ ತಣಿಯುವುದಕ್ಕಾಗಿ ಎನ್ನುವವರಿದ್ದಾರೆ. ಹಾಗಾದರೆ ಚಳಿಯ ಭೂತಾನದಲ್ಲಿ ಮೆಣಸಿನಕಾಯಿಯನ್ನೇ ಪಲ್ಯದಂತೆ ಬೇಯಿಸಿ ತಿನ್ನುವುದೇಕೆ? ನೋವಾದಾಗ ಮೆದುಳು ತಾನೇ ಅಫೀಮಿನಂಥ ದ್ರವ್ಯಗಳನ್ನು ಒಸರಿ ಹಿತವನ್ನುಂಟುಮಾಡುತ್ತದೆಂಬುದು ಮೂರನೆಯ ಸಮಾಧಾನ. ಇದರಲ್ಲಿ ಸತ್ಯಾಂಶವಿರಬಹುದು. ಆದರೆ ನೋವೆಲ್ಲ ಹೀಗೆ ಸುಖವಾಗುವುದಾದರೆ ಹಲ್ಲುನೋವಿಗೂ ನಾವು ಹಂಬಲಿಸಬೇಕಾಗಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಒಪ್ಪಿಗೆಯಾದುದು ಅಮೆರಿಕಾದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ನನ ವಿವರಣೆ. ಆತನೂ ಡೆಬೊರಾ ಶಿಲ್ಲರ್ ಎಂಬಾಕೆಯೂ ಮೆಣಸಿನಕಾಯಿಯ ತವರಾದ ಮೆಕ್ಸಿಕೋ ದೇಶದ ಒಂದು ಹಳ್ಳಿಯಲ್ಲಿ ವಿಚಾರಣೆ ನಡೆಸಿ 1980ರಲ್ಲಿ ಪ್ರಕಟಿಸಿದರು. ಅಲ್ಲಿ ಮಗುವಿಗೆ ಯಾರೂ ಖಾರವನ್ನು ಬಲವಂತದಿಂದ ತಿನ್ನಿಸುವುದಿಲ್ಲ. ದೊಡ್ಡವರು ತಿನ್ನುವುದನ್ನು ನೋಡುತ್ತ ನೋಡುತ್ತ, ಸುಮಾರು ಐದರಿಂದ ಎಂಟು ವರ್ಷದೊಳಗೆ ಅದು ತಾನೇ ಕೇಳಿ ಹಾಕಿಸಿಕೊಳ್ಳುವಂತಾಗುತ್ತದೆ. ಅದೇ ಹಳ್ಳಿಯ ನಾಯಿಗಳೂ ಹಂದಿಗಳೂ ಖಾರ ಬೆರೆತ ಎಂಜಲನ್ನೇ ತಿಂದು ಬೆಳೆದಿದ್ದುವು. ಆದರೂ ಖಾರದ ತುಣುಕು, ಸಪ್ಪೆಯ ತುಣುಕು ಎರಡನ್ನೂ ಮುಂದಿಟ್ಟಾಗ ಬಹುಪಾಲು ಸಪ್ಪೆಯದನ್ನೇ ಮೊದಲು ಹಿಡಿದುವು. ಬರಿಯ ಅಭ್ಯಾಸದಿಂದ ಖಾರ ಪ್ರಿಯವಾಗುವುದಿಲ್ಲವೆಂದು ಇದರಿಂದ ಸಿದ್ಧಿಸಿತು. ಆದರೆ ಮನುಷ್ಯರ ಸಹವಾಸದಲ್ಲಿ ಸಾಕಿದ ಚಿಂಪಾಂಜಿಗಳು ಖಾರವನ್ನು ಮೆಚ್ಚಲು ಕಲಿತ ಸಂಗತಿ 1983ರಲ್ಲಿ ವರದಿಯಾಯಿತು. ಹಾಗಾದರೆ ಸಹವಾಸದಲ್ಲಿ ಏನೋ ಇದೆ.

ರೋಜಿನ್ನನು ಈ ಸುಖವನ್ನು ನಿರಪಾಯವಾದ ಆತ್ಮಪೀಡೆಯೆಂಬ ಅರ್ಥದ ಹೆಸರಿನಿಂದ ಕರೆದನು. ದೇಹವು 'ಅಪಾಯ!' ಎಂದು ಕೂಗುತ್ತದೆ. ಬುದ್ಧಿಯು 'ಇದು ಸುಳ್ಳು ಕೂಗು' ಎಂದು ಬಲ್ಲುದು. ದೇಹದ ಗಾಬರಿಯನ್ನು ಬುದ್ಧಿಯು ದಂಡೆಯಲ್ಲಿ ನಿಂತು ನೋಡುವುದರಲ್ಲಿಯೇ ಸುಖವಿದೆ. ಜಾತ್ರೆಯ ತಿರುಗುತೊಟ್ಟಿಲಿನಲ್ಲಿ ಕುಳಿತು ಕಿರಿಚುವವನು ಇಳಿದೊಡನೆ ಮತ್ತೆ ಟಿಕೆಟ್ಟಿಗೆ ಕೈ ನೀಡುವುದೂ, ನಾಟಕದಲ್ಲಿ ಹರಿಶ್ಚಂದ್ರನಿಗಾಗಿ ಅತ್ತು ಬಂದವರು 'ಬಹಳ ಚೆನ್ನಾಗಿತ್ತು' ಎನ್ನುವುದೂ ಇದೇ ಬಗೆಯವು. ಕರುಣರಸದಲ್ಲಿ ಆನಂದವೆಲ್ಲಿಂದ ಎಂದು ನಮ್ಮ ಆಲಂಕಾರಿಕರು ಶತಮಾನಗಳ ಕಾಲ ಚರ್ಚಿಸಿದರು. ಚಟ್ನಿಯ ಆನಂದವನ್ನು ಚರ್ಚಿಸಲು ಮಾತ್ರ ಅವರಿಗೆ ಮೆಣಸಿನಕಾಯಿ ಇನ್ನೂ ಬಂದಿರಲಿಲ್ಲ.

ಈಗ ಒಡೆಯರಪಾಳ್ಯದ ಎರಡು ಬಟ್ಟಲುಗಳಿಗೆ ಹಿಂದಿರುಗೋಣ. ಉಪ್ಪುಸಾರಿನ ಖಾರವೂ ಸೆಪೆನ್ನೂ ಊಟದೊಳಗೆ ಬೆರೆಯದೆ ಪಕ್ಕದಲ್ಲಿರುವುದರಿಂದ, ಮಗುವು ಯಾವ ವಯಸ್ಸಿನಲ್ಲಿ ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ತಾನೇ ಗೊತ್ತುಮಾಡಿಕೊಳ್ಳಬಹುದು. ಮೊದಲು ಬೆರಳ ತುದಿ, ಆಮೇಲೆ ಅಣ್ಣನಷ್ಟು, ಆಮೇಲೆ, ಸ್ವಲ್ಪ ಜಂಬದಿಂದ, ತಂದೆಯಷ್ಟು. ಕಣ್ಣಲ್ಲಿ ನೀರು ಬಂದರೂ 'ಏನೂ ಖಾರವಿಲ್ಲ' ಎನ್ನುವ ಹುಡುಗನನ್ನು ನೋಡಿ ಪಂಕ್ತಿಯೆಲ್ಲ ನಗುವಾಗ ಅವನು ಪಡುವ ಸುಖವನ್ನು ನಾಲಿಗೆಯಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಸಾಕ್ಷ್ಯವನ್ನೂ ಹೇಳಬೇಕು. ಅದು ಅಷ್ಟು ಹಿತವಾದುದಲ್ಲ. ತುಂಟ ಹುಡುಗರಿಗೆ ಮೆಣಸಿನಕಾಯಿಯ ಹೊಗೆ ಹಾಕುವ ಕ್ರೂರಶಿಕ್ಷೆ ನಮ್ಮ ಹಳ್ಳಿಗಳಲ್ಲಿ ರೂಢಿಯಲ್ಲಿತ್ತು. ಪೋಲೀಸರು ಗುಂಪು ಚದರಿಸಲು ಎರಚುವ ಖಾರದ ದ್ರವವೂ ಇದೇ ಕ್ಯಾಪ್ಸೈಸಿನ್ನಿನದು. ಮೆಣಸಿನಕಾಯಿಯ ಮಂಡಿಗಳಲ್ಲಿ ತೊಟ್ಟು ಬಿಡಿಸುವ ಹೆಂಗಸರಿಗೆ ದಿನವಿಡೀ ಆ ಘಾಟಿನಲ್ಲಿ ಕೆಮ್ಮುತ್ತ, ಉರಿಯುವ ಕೈಗಳನ್ನು ನೀರಿಗೆ ಅದ್ದುತ್ತ ಕೂಲಿ ಮಾಡಬೇಕು. ಅದೇ ದ್ರವ್ಯ, ಅದೇ ನರ, ಅದೇ ಬಾಗಿಲು; ಸುಖದ ಲೇಶವೂ ಇಲ್ಲ. ಅಳತೆಯು ಅನ್ಯರ ಕೈಗೆ ಹೋದೊಡನೆ ಉರಿಯು ಬರಿಯ ಉರಿಯಾಗಿ ಉಳಿಯುತ್ತದೆ. ಖಾರದ ಸುಖವನ್ನು ಕಾಯಿಯ ಗುಣವೆಂದು ತಿಳಿಯುವವರು ಈ ಕೂಲಿಯವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಪಂತ ಕಟ್ಟಿ ತಿನ್ನುವ ಈಚಿನ ಹುಚ್ಚಿನ ವಿಷಯದಲ್ಲಿ ಎರಡು ಮಾತು. ಖಾರವನ್ನು ಅಳೆಯಲು ವಿಲ್ಬರ್ ಸ್ಕೋವಿಲ್ 1912ರಲ್ಲಿ ಒಂದು ಕ್ರಮವನ್ನು ಕಂಡುಹಿಡಿದನು. ಆ ಲೆಕ್ಕದಲ್ಲಿ ಅಸ್ಸಾಮು ಕಡೆಯ ಭೂತ್ ಜೊಲೊಕಿಯಾ ಹತ್ತು ಲಕ್ಷವನ್ನು ದಾಟಿದೆ. 2023ರಲ್ಲಿ ದಾಖಲೆ ಸ್ಥಾಪಿಸಿದ ಅಮೆರಿಕಾದ ತಳಿಯೊಂದು ಇಪ್ಪತ್ತಾರು ಲಕ್ಷವನ್ನೂ ಮೀರಿತು. ನಮ್ಮ ಬ್ಯಾಡಗಿಯು ಈ ಓಟದಲ್ಲಿ ಎಲ್ಲೋ ಹಿಂದೆ. ಅದಕ್ಕೆ ಬೆಲೆ ಬಂದುದು ಬಣ್ಣದಿಂದ. ಅದೇ 2023ರಲ್ಲಿ ಅಮೆರಿಕಾದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನು ಪಂತಕ್ಕಾಗಿ ಅತಿ ಖಾರದ ತಿಂಡಿಯ ಒಂದು ತುಣುಕನ್ನು ತಿಂದು ತೀರಿಕೊಂಡನು. ಅವನ ಹೃದಯದಲ್ಲಿ ಮೊದಲೇ ದೋಷವಿತ್ತೆಂದು ಪರೀಕ್ಷೆಯಿಂದ ಗೊತ್ತಾಯಿತು. ಸುಳ್ಳು ಕೂಗೆಂದು ನಂಬಿ ಕುಳಿತಾಗ ಕೂಗು ಒಮ್ಮೊಮ್ಮೆ ನಿಜವಾಗುವುದುಂಟು.

ಊಟದ ಹೊತ್ತಾಗುತ್ತ ಬಂದಿರುವುದರಿಂದ ಉಪಯೋಗದ ಒಂದು ಸಂಗತಿಯನ್ನು ಹೇಳಿ ಬಿಡುತ್ತೇನೆ. ಖಾರ ಹೆಚ್ಚಾದಾಗ ನೀರು ಕುಡಿದು ಫಲವಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲು ಮೊಸರುಗಳು ಅದನ್ನು ಹಿಡಿದು ಕೆಳಗಿಳಿಸುತ್ತವೆ. ಬಿಸಿ ಪದಾರ್ಥವನ್ನಂತೂ ಮುಟ್ಟಬಾರದು; ಕ್ಯಾಪ್ಸೈಸಿನ್ ಹಿಡಿದಿರುವಾಗ ಆ ಬಾಗಿಲು ಸಾಧಾರಣ ಬೆಚ್ಚನೆಗೂ ತೆರೆದುಕೊಂಡು ಉರಿ ಇಮ್ಮಡಿಯಾಗುತ್ತದೆ. ಟಿಬೆಟ್ಟಿನವರ ಬೆಣ್ಣೆ ಹಾಕಿದ ಉಪ್ಪು ಚಹದಲ್ಲಿ ಜಿಡ್ಡೇನೋ ಇದೆ. ಆರಿಸಿಕೊಂಡು ಕುಡಿಯುವ ತಾಳ್ಮೆ ಇದ್ದವರಿಗೆ ಅದೂ ಆದೀತು. ಇಲ್ಲದವರಿಗೆ ಉಪ್ಪುಸಾರಿನ ಮೇಲೆ ಮಜ್ಜಿಗೆಯನ್ನ.