ಬಾಟಲಿಯ ಸಸಿಗೂ ಗಿರಿಯ ಮದ್ದಿಗೂ ಇರುವ ಅಂತರ

ಟಿಶ್ಯೂ ಕಲ್ಚರ್ (ಅಂಗಾಂಶ ಕೃಷಿ) ಗಿಡ ಎಂದರೆ ಕುಲಾಂತರಿ ಗಿಡ ಎಂಬ ಮಾತು ಬಾಬಾಬುಡನ್‌ಗಿರಿ ಸೀಮೆಯಲ್ಲಿ ಇನ್ನೂ ಕೇಳಿಬರುತ್ತದೆ. ಅದು ಸುಳ್ಳು. ಹೊರಗಿನ ವಂಶವಾಹಿ ತುರುಕುವ ಕೆಲಸವೇ ಇಲ್ಲಿಲ್ಲ. ತಾಯಿಗಿಡದ ಕುಡಿಯನ್ನೋ ಗೆಣ್ಣನ್ನೋ ತೊಳೆದು, ಸೋಂಕು ಕಳೆದು, ಸಕ್ಕರೆ, ಲವಣ, ಚೋದಕ ಬೆರೆಸಿದ ಅಗರ್ ಮೇಲೆ ಇಡುತ್ತಾರೆ, ಅಷ್ಟೆ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ತಂಬಾಕಿಗೆಂದು ಹೊಂದಿಸಿದ ಪಾಕವೇ ಇಂದಿಗೂ ಬಹುತೇಕ ಗಿಡಗಳಿಗೆ ಆಧಾರ. ಲೀಟರಿಗೆ 30 ಗ್ರಾಂ ಸಕ್ಕರೆ. ಚೋದಕಗಳಲ್ಲಿ ಸೈಟೊಕೈನಿನ್ ಮೇಲಾದರೆ ಚಿಗುರು, ಆಕ್ಸಿನ್ ಮೇಲಾದರೆ ಬೇರು.

ಹೀಗೆ ಬೆಳೆದ ಸಸಿಗೆ ರೋಗ ತಗಲುವುದಿಲ್ಲವೆಂದು ನಂಬಿದವರೂ ಇದ್ದಾರೆ. ಮೂಡಿಗೆರೆಯ ಏಲಕ್ಕಿ ಬೆಳೆಗಾರರು ಇದನ್ನು ಒಪ್ಪಲಾರರು. ಏಲಕ್ಕಿಯ ಕಟ್ಟೆ ರೋಗಕ್ಕೆ ಕಾರಣ ಗಿಡಹೇನಿನಿಂದ ಹರಡುವ ವೈರಸ್. ರೋಗದ ಗಿಡವೊಂದು ಪಕ್ಕದಲ್ಲಿ ಉಳಿದಿದ್ದರೆ ಶುದ್ಧ ಸಸಿಗೂ ಅದು ತಪ್ಪಿದ್ದಲ್ಲ. ಬಾಟಲಿಯಿಂದ ಹೊರಬಂದ ಸಸಿಯಂತೂ ಇನ್ನೂ ನಾಜೂಕು. ಎಲೆಯ ಮೇಣದ ಪದರ ತೆಳುವಾಗಿರುವುದರಿಂದ ನೆರಳುಮನೆಯಲ್ಲಿ ವಾರಗಟ್ಟಲೆ ಪಳಗಿಸದೆ ಬಿಸಿಲಿಗಿಟ್ಟರೆ ಬಾಡಿಹೋಗುತ್ತದೆ.

ದೊಡ್ಡ ತಪ್ಪು ತಿಳಿವಳಿಕೆ ಇರುವುದು ಮದ್ದಿನ ಗುಣದ ಬಗ್ಗೆ: ಬಾಟಲಿಯಲ್ಲಿ ಬೆಳೆದದ್ದರಲ್ಲೂ ಕಾಡಿನಷ್ಟೇ ಮದ್ದು ಇರುತ್ತದೆ ಎಂಬುದು. ಪಶ್ಚಿಮಘಟ್ಟದ ದುರ್ವಾಸನೆ ಮರವನ್ನೇ ನೋಡಿ. 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಕಂಡ ಕ್ಯಾಂಪ್ಟೋಥೆಸಿನ್ ಎಂಬ ರಸಾಯನ 1972ರಲ್ಲಿ ಈ ಮರದಲ್ಲೂ ಸಿಕ್ಕಿತು. ಇರಿನೋಟೆಕಾನ್, ಟೋಪೋಟೆಕಾನ್ ಎಂಬ ಕ್ಯಾನ್ಸರ್ ಔಷಧಿಗಳಿಗೆ ಇದೇ ಮೂಲ. ಕಾಡಿನ ಮರಕ್ಕೆ ಕೊಡಲಿ ಬಿದ್ದದ್ದೂ ಇದರಿಂದಲೇ. ಹಾಗಾದರೆ ಕೋಶಗಳನ್ನೇ ಬಾಟಲಿಯಲ್ಲಿ ಬೆಳೆಸಿ ಮದ್ದು ತೆಗೆಯಬಾರದೇ? ಪ್ರಯತ್ನಗಳು ನಡೆದಿವೆ. ಕೋಶರಾಶಿ ಹುಲುಸಾಗಿ ಬೆಳೆಯುತ್ತದೆ, ಮದ್ದು ಮಾತ್ರ ಕಾಡಿನ ಮರದ ಮುಂದೆ ತೀರಾ ಅಲ್ಪ. ಬದುಕಿನ ಒತ್ತಡವಿಲ್ಲದೆ, ತೊಗಟೆ, ಬೇರು ಬಲಿಯದೆ, ಗಿಡ ಅಂಥ ರಸಾಯನವನ್ನು ಸುಮ್ಮನೆ ತಯಾರಿಸುವುದಿಲ್ಲ. ಆದರೆ ಮರದಿಂದ ಮರಕ್ಕೆ ಈ ಅಂಶ ಬಹಳ ಬದಲಾಗುವುದರಿಂದ, ಸಾರ ಹೆಚ್ಚಿರುವ ಮರವನ್ನು ಆರಿಸಿ ಅದರ ಸಸಿಗಳನ್ನು ತೋಟದಲ್ಲಿ ಬೆಳೆಸಲು ಅಂಗಾಂಶ ಕೃಷಿ ನಿಜಕ್ಕೂ ಉಪಯುಕ್ತ.

ಇದರಿಂದ ಕಾಡು ಉಳಿಯಿತು ಎನ್ನುವುದೂ ಅರ್ಧಸತ್ಯ. ಒಂದೇ ತಾಯಿಯ ಸಾವಿರ ನಕಲುಗಳಿಂದ ವೈವಿಧ್ಯ ಹುಟ್ಟುವುದಿಲ್ಲ. ಕೆಮ್ಮಣ್ಣುಗುಂಡಿ, ಚಾರ್ಮಾಡಿ, ಕುದುರೆಮುಖಗಳಲ್ಲಿ ಅರಣ್ಯ ಇಲಾಖೆ ಗುರುತಿಸಿದ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳ ಕೆಲಸವನ್ನು ಯಾವ ಪ್ರಯೋಗಾಲಯವೂ ಮಾಡಲಾರದು.

ಎಲ್ಲ ಮೂಲಿಕೆಗೂ ಅಂಗಾಂಶ ಕೃಷಿ ಬೇಕೂ ಇಲ್ಲ. ಅಮೃತಬಳ್ಳಿ, ದೊಡ್ಡಪತ್ರೆಗೆ ಬಾಟಲಿಯ ಸಸಿ ಹುಡುಕಿ ದುಡ್ಡು ಸುರಿಯಬೇಡಿ. ಗೇಣುದ್ದದ ಕಡ್ಡಿ ಊರಿದರೆ ಸಾಕು.